ರಾಜನ ವೀಳ್ಯ

ಗೊರೂರು
ಭಾನುವಾರ, 23-3-2025

ಪ್ರೀತಿಯ ಅಶೋಕ,

ನಿನ್ನ ಎಡ ಮೊಣಕಾಲು ಈಗ ಹೇಗಿದೆ? ಪುಣೆಯಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸುತ್ತೇನೆ ಎಂದಿದ್ದೆ. ತೋರಿಸಿದೆಯೋ, ಇಲ್ಲ ಮುಂದಿನ ಶಿಬಿರ ಮುಗಿಯಲಿ ಎಂದು ಅದನ್ನೂ ಮುಂದಕ್ಕೆ ಹಾಕಿದೆಯೋ? ದಿನವೆಲ್ಲ ನಟರ ಜೊತೆ ನೆಲದ ಮೇಲೆ ಉರುಳುವ, ಕುಕ್ಕರಗಾಲಲ್ಲಿ ಕೂತು ಏಳುವ ಕೆಲಸ ನಿನ್ನದು. ಎಳ್ಳೆಣ್ಣೆ ಹಚ್ಚಿಕೊಳ್ಳಲಿ ಎಂದು ಅವ್ವ ಹೇಳುತ್ತಾಳೆ, ಬಿಸಿನೀರಿನ ಶಾಖ ಕೊಡಲಿ ಎಂದು ನಾನು ಹೇಳುತ್ತೇನೆ, ನೀನು ಎರಡನ್ನೂ ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಅಷ್ಟಾದರೂ ಮಾಡು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಅವ್ವನ ಬಿ.ಪಿ. ಹತೋಟಿಯಲ್ಲಿದೆ. ಹೊಳೆನರಸೀಪುರದ ನನ್ನ ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ, ಡ್ರಿಲ್ ಟೀಚರಿಗೆ ಪಾಠವೇನಿದೆ ಎಂದು ಕೊಠಡಿ ಕಾಯುವ ಕೆಲಸವನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಇಷ್ಟರಮಟ್ಟಿಗೆ ಕ್ಷೇಮ. ಅಪ್ಪನ ವಿಷಯ ಬರೆಯಲೆಂದೇ ಕೂತಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅಕ್ಕಾ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ, ಇಟ್ಟ ಮೇಲೆ ನಾನು ಹೇಳಬೇಕಾಗಿದ್ದು ನನ್ನ ಬಾಯಲ್ಲೇ ಉಳಿದಿರುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅದಕ್ಕೇ ಅಂಚೆಯ ದಾರಿ ಹಿಡಿದಿದ್ದೇನೆ, ಕೊನೆಯತನಕ ಓದು.

ಕಳೆದ ತಿಂಗಳು ನೀನು ಹಾಸನಕ್ಕೆ ಬಂದೆ. ರಂಗಕಲಾವಿದರಿಗೆ ದೇಹದ ಅರಿವು ಎಂದು ದೊಡ್ಡ ಬ್ಯಾನರು ಕಟ್ಟಿದ್ದರು, ಅದರಲ್ಲಿ ನಿನ್ನ ಫೋಟೊ ಕೂಡ ಇತ್ತು, ಚೆನ್ನಾಗಿ ಬಂದಿತ್ತು. ಹಾಸನದಿಂದ ಗೊರೂರಿಗೆ ಎಷ್ಟು ದೂರ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಶಿಬಿರ ಮುಗಿಯಲಿ, ಆಮೇಲೆ ಬರುತ್ತೇನೆ ಎಂದೆ. ಮಗ ಬರದಿದ್ದರೆ ನಾವೇ ಹೋಗೋಣ ಎಂದು ಅಪ್ಪ ಹೊರಟ. ಅವ್ವ ಬೆಳಗಿನ ಕತ್ತಲಲ್ಲೇ ಎದ್ದು ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು ಡಬ್ಬಿಗೆ ತುಂಬಿದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ನಿನಗೆ ಒಂದು ಮಾತು ತಿಳಿಸುತ್ತೇನೆ ಎಂದರೆ ಕೇಳಲಿಲ್ಲ. "ಅವ್ನಿಗೆ ಯೋಳ್ಬ್ಯಾಡ ಕಣವ್ವ, ಸುಮ್ನೆ ಓಗಿ ಇಂದ್ಗಡೆ ಕುಂತ್ಕಳಾನ, ಅವ್ನು ಪಾಠ ಯೋಳೋದ ನೋಡ್ಬೇಕು" ಎಂದ. ಅವನೂ ನಾಟಕದವನೇ ಅಲ್ಲವೇ, ಮಗ ನಾಟಕದ ಮೇಷ್ಟ್ರಾಗಿದ್ದಾನೆ ಎಂಬುದು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ.

ನಾನೂ ಅಪ್ಪನೂ ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತೆವು. ನಿನ್ನ ಕಣ್ಣಿಗೆ ಬೀಳಲಿಲ್ಲ. ನೆತ್ತಿಗೆ ದಾರ ಕಟ್ಟಿ ಯಾರೋ ಮೆಲ್ಲಗೆ ಮೇಲಕ್ಕೆ ಎಳೆಯುತ್ತಿದ್ದಾರೆ ಎಂದುಕೊಳ್ಳಿ, ಕತ್ತು ಸಡಿಲ ಬಿಡಿ, ಭುಜ ತಾನಾಗಿ ಇಳಿಯಲಿ, ಪಾದದ ಯಾವ ಭಾಗಕ್ಕೆ ಭಾರ ಬೀಳುತ್ತಿದೆ ಗಮನಿಸಿ ಎಂದು ನೀನು ಹೇಳುತ್ತಿದ್ದೆ. ನಿನ್ನ ದನಿ ಇಂಪಾಗಿತ್ತು ಕಣೋ, ಸುಳ್ಳು ಹೇಳುವುದಿಲ್ಲ. ನನ್ನ ಪಕ್ಕದಲ್ಲಿ ಏನೋ ಅಲುಗಿದಂತಾಗಿ ತಿರುಗಿ ನೋಡಿದರೆ ಅಪ್ಪ ಕಣ್ಣು ಮುಚ್ಚಿಕೊಂಡು ಕತ್ತು ಸಡಿಲ ಬಿಡಲು ನೋಡುತ್ತಿದ್ದ. ಕುರ್ಚಿಯ ಅಂಚಿಗೆ ಸರಿದು ಪಾದಗಳನ್ನು ಜೋಡಿಸಿ ಇಟ್ಟುಕೊಂಡಿದ್ದ. ನಿನ್ನ ಶಿಷ್ಯರಲ್ಲಿ ಅಷ್ಟು ಭಕ್ತಿಯಿಂದ ಹೇಳಿದ್ದನ್ನು ಮಾಡಿದವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ನೀನು, ಈಗ ಇದರ ತದ್ವಿರುದ್ಧ ನೋಡೋಣ ಎಂದೆ. ಸೊಂಟದಿಂದ ಮೇಲೆ ಬಗ್ಗಿದೆ. ಎಡಗೈ ಹಿಂದಕ್ಕೆ ಕಟ್ಟಿದೆ. ಗದ್ದ ಮುಂದಕ್ಕೆ ಚಾಚಿ, ಹೆಜ್ಜೆ ಎತ್ತದೆ ಪಾದ ಎಳೆದುಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದೆ. ಇದು ನಮ್ಮಪ್ಪ ಗಂಗಯ್ಯ ಎಂದೆ. ಗೌಡರ ಮನೆಗಳ ಬಾಗಿಲಲ್ಲಿ ನಿಂತೂ ನಿಂತೂ ಬಗ್ಗಿದ ಬೆನ್ನು ಇದು, ತಲೆಮಾರುಗಳ ಅವಮಾನ ಈ ಬೆನ್ನಿನಲ್ಲಿದೆ ಎಂದೆ. ಒಬ್ಬ ಹುಡುಗಿ ಕಣ್ಣು ಒರೆಸಿಕೊಂಡಳು. ಈಗ ಎಲ್ಲರೂ ಗಂಗಯ್ಯನಾಗಿ ನಡೆಯಿರಿ ಎಂದು ನೀನು ಚಪ್ಪಾಳೆ ತಟ್ಟಿದೆ. ಜೀನ್ಸ್ ಹಾಕಿದ ಗಂಗಯ್ಯ, ಜಡೆ ಹಾಕಿದ ಗಂಗಯ್ಯ, ಕನ್ನಡಕದ ಗಂಗಯ್ಯ, ಸಭಾಂಗಣದ ತುಂಬ ಅಪ್ಪಂದಿರೇ ನಡೆದಾಡಿದರು. ಒಬ್ಬಳು ನಮ್ಮ ಸಾಲಿನವರೆಗೂ ಬಂದು ಅಪ್ಪನ ಮುಂದೆಯೇ ತಿರುಗಿಕೊಂಡು ಹೋದಳು. ಅಪ್ಪ ಕಾಲು ಒಳಕ್ಕೆಳೆದುಕೊಂಡು ಅವಳಿಗೆ ದಾರಿ ಬಿಟ್ಟ.

ಎದ್ದು ಹೊರಗೆ ಬಂದಾಗ ಅಪ್ಪ ಗೋಡೆ ಹಿಡಿದು ನಡೆದ, ಯಾರಾದರೂ ಗುರುತು ಹಿಡಿದಾರು ಎಂದು. ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದೆವು. ಗೊರೂರಿನಲ್ಲಿ ಬಸ್ಸು ಇಳಿಯುವಾಗ, "ಅಶೋಕ ಚೆಂದಾಗ್ ಕಲ್ಸ್ತಾನೆ ಕಣವ್ವ. ಎಲ್ರೂ ವಸಿನೂ ತಪ್ಪಿಲ್ದಂಗೆ ಮಾಡುದ್ರು" ಎಂದ. ಆವತ್ತು ಸಾಯಂಕಾಲ ನೀನು ಫೋನ್ ಮಾಡಿ, ರೊಟ್ಟಿ ಸೊಗಸಾಗಿತ್ತು, ಬಂದವರು ಮುಖ ತೋರಿಸದೆ ಯಾಕೆ ಹೋದಿರಿ ಎಂದು ಕೇಳಿದೆ. ನಾನು ಯಾಕೆ ಎಂದು ಹೇಳಿದೆ. ನಿನ್ನ ಉತ್ತರ ನನಗೆ ಬಾಯಿಪಾಠ ಆಗಿದೆ. "ಅಕ್ಕಾ, ನೀನು ತಪ್ಪು ತಿಳ್ಕೊಂಡಿದ್ದೀಯ. ಅದು ಅಣಕ ಅಲ್ಲ, ಗೌರವ. ಅಪ್ಪನ ಮೈಯೇ ಒಂದು ಚರಿತ್ರೆ." ಮಾರನೆಯ ದಿನ ಗೌರವ ಇನ್ನೂ ಹೆಚ್ಚಾಗಿ ಆ ನಡಿಗೆಯ ವಿಡಿಯೊ ಹಾಕಿದೆ. ಗೊರೂರಿಗೆ ಮಾತ್ರ ಬರಲಿಲ್ಲ, ರೈಲಿಗೆ ಹೊತ್ತಾಯಿತು ಎಂದೆ.

ಈಗ ಚರಿತ್ರೆಯ ವಿಷಯಕ್ಕೆ ಬರೋಣ. ನಾನು ಡ್ರಿಲ್ ಟೀಚರು, ಸಾವಧಾನ್ ವಿಶ್ರಾಮ್ ಬಿಟ್ಟರೆ ಹೆಚ್ಚಿಗೆ ಏನೂ ತಿಳಿಯದವಳು. ಅಪ್ಪ ಯಾರ ಮುಂದೆಯೂ ಬಗ್ಗಲಿಲ್ಲ ಎಂದು ನಾನು ಹೇಳುವುದಿಲ್ಲ. ಬಗ್ಗಿದ್ದಾನೆ, ಜಗಲಿಯ ಕೆಳಗೆ ನಿಂತಿದ್ದಾನೆ, ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳಿಸಿದ್ದಾನೆ. ನಾನೂ ನೋಡಿದ್ದೇನೆ, ನನಗೂ ಹೊಟ್ಟೆ ಉರಿದಿದೆ. ಆದರೆ ಆ ಬಾಗಿಲುಗಳಿಂದ ಮನೆಗೆ ಬಂದ ಮೇಲೆ ನೆಟ್ಟಗಾಗುತ್ತಿದ್ದ. ನೆಟ್ಟಗಾಗದೆ ಹೋದದ್ದು ತೂಬಿನಿಂದ. ದಂಡಿಗನಹಳ್ಳಿ ಕಡೆ ನೀರುಗಂಟಿಯಾಗಿ ಗದ್ದೆಗಳಿಗೆ ನೀರು ಬಿಡುತ್ತಿದ್ದಾಗ ಕಾಲುವೆಯ ತೂಬು ಕಚ್ಚಿಕೊಂಡಿತು. ಎಲ್ಲರೂ ದಡದ ಮೇಲೆ ನಿಂತು ಬುದ್ಧಿ ಹೇಳುತ್ತಿದ್ದರು, ಅಪ್ಪ ಒಬ್ಬನೇ ತೂಬಿನ ಚಕ್ರಕ್ಕೆ ಮೈಕೊಟ್ಟ. ನೀರು ಹೋಯಿತು, ಅಪ್ಪನ ನಡುವೂ ಹೋಯಿತು. ಮಲಗು ಎಂದರು ಡಾಕ್ಟರು. ಕೊನೆಯ ಗದ್ದೆಗಳಿಗೆ ನೀರು ಮುಟ್ಟಿಲ್ಲ ಎಂದು ಮತ್ತೆ ಎದ್ದು ಹೋದ. ನೀನು ಆಗ ಅಂಗನವಾಡಿಗೆ ಹೋಗುತ್ತಿದ್ದೆ. ಆಮೇಲೆಯಾದರೂ ಯಾರನ್ನಾದರೂ ಕೇಳಬಹುದಿತ್ತು. ಕೇಳಿದ್ದರೆ ಕಥೆ ಇಷ್ಟು ಸಲೀಸಾಗಿ ಸಭೆಗೆ ಒಪ್ಪುತ್ತಿರಲಿಲ್ಲ, ಆ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ.

ಹೋಗಲಿ, ತೂಬಿನದು ನಿನಗೆ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಾಟಕದ ದಿನ ಅಪ್ಪನ ನಡುವಿಗೆ ಕಟ್ಟುತ್ತಿದ್ದ ಸೀರೆಯದು ಗೊತ್ತಿತ್ತಲ್ಲ. ಊರಿನವರ ನಾಟಕದಲ್ಲಿ ನಮ್ಮ ಕಾಲೋನಿಯವರಿಗೆ ಪಂಜು ಹಿಡಿಯುವುದಕ್ಕಿಂತ ದೊಡ್ಡ ಪಾತ್ರ ಸಿಗದಿದ್ದ ಕಾಲದಲ್ಲಿ ಲಕ್ಕಯ್ಯ ಮೇಷ್ಟ್ರು ಹಾರ್ಮೋನಿಯಂ ಮುಂದೆ ಹಟ ಹಿಡಿದು ಕೂತು ನಮಗಾಗಿ ಬರೆದ ನಾಟಕ ಅದು. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಹಗಲಲ್ಲೇ ಆಡಬೇಕು, ಯಾರಿಗೂ ಹೆದರಿ ಕತ್ತಲಲ್ಲಿ ಆಡುವುದಲ್ಲ ಎಂದರು. ಅಂದಿನಿಂದ ರಾಜ ಅಪ್ಪನೇ. ತೂಬಿಗೆ ನಡು ಹೋದ ಮೇಲೂ ಅಪ್ಪನೇ. ನಾಟಕದ ದಿನ ಅವ್ವ ತನ್ನ ಕೆಂಪು ಅಂಚಿನ ನೂಲಿನ ಸೀರೆ ತೆಗೆಯುತ್ತಿದ್ದಳು. ಒಂದು ತುದಿ ಅಪ್ಪನ ಸೊಂಟಕ್ಕೆ, ಇನ್ನೊಂದು ತುದಿ ಬಾಗಿಲ ಹತ್ತಿರ ನಿಂತ ನಿನ್ನ ಕೈಗೆ. ನೀನು ಹಿಮ್ಮಡಿ ಊರಿ, ಇಡೀ ಮೈಯನ್ನು ಹಿಂದಕ್ಕೆ ಹಾಕಿ ಜಗ್ಗುತ್ತಿದ್ದೆ. ಅಪ್ಪ ಕೈ ಮೇಲೆತ್ತಿಕೊಂಡು ಸುತ್ತುತ್ತಾ ಸುತ್ತುತ್ತಾ ನಿನ್ನ ಕಡೆಗೆ ಬರುತ್ತಿದ್ದ, ಅವ್ವ ಮಡಿಕೆ ಸರಿಮಾಡುತ್ತಿದ್ದಳು. "ಬಿಗೀಲಾ ಮಗ, ಇನ್ನೂ ವಸಿ ಬಿಗಿ" ಎನ್ನುತ್ತಿದ್ದ. ನಿನ್ನ ಹತ್ತಿರ ಬರುವ ಹೊತ್ತಿಗೆ ಅಪ್ಪ ಬಾಗಿಲ ಪಟ್ಟಿಯಷ್ಟು ನೆಟ್ಟಗಾಗಿರುತ್ತಿದ್ದ. ನೀನು ತಲೆಯೆತ್ತಿ ಅವನ ಮುಖ ನೋಡುತ್ತಿದ್ದೆ. ಆ ಮುಖ ನನಗೆ ನೆನಪಿದೆ, ನಿನ್ನ ಮುಖವೂ ನೆನಪಿದೆ.

ಆ ಕಟ್ಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೇ ಮೇಷ್ಟ್ರು ರಾಜನನ್ನು ನಾಟಕ ಪೂರ್ತಿ ಸಿಂಹಾಸನದ ಪಕ್ಕದಲ್ಲಿ ನಿಲ್ಲಿಸಿಯೇ ಮಾತಾಡಿಸಿದರು. ಅರ್ಧ ಉಸಿರಿನಲ್ಲೇ ಹಾಡಬೇಕು, ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಬೇಕು. ನೋಡಿದವರು ಎಂಥ ಗತ್ತು, ಎಂಥ ಗಾಂಭೀರ್ಯ ಎಂದರು. ಮಾರನೆಯ ದಿನ ಅಪ್ಪ ಚಾಪೆ ಬಿಟ್ಟು ಏಳುತ್ತಿರಲಿಲ್ಲ, ಅವ್ವ ಉಪ್ಪಿನ ಶಾಖ ಕೊಡುತ್ತಿದ್ದಳು. ಇದಿಷ್ಟನ್ನೂ ನೋಡಿಕೊಂಡು ಬೆಳೆದವನು ನೀನು. ದೇಹದ ಅರಿವು ಎಂದು ಬೋರ್ಡು ಹಾಕಿಕೊಂಡು ಊರೂರು ತಿರುಗುವ ನಿನಗೆ ಹಾಸನದ ಮಕ್ಕಳಿಗೆ ಹೇಳಲು ಬಗ್ಗಿದ್ದು ಮಾತ್ರ ನೆನಪಾಯಿತು, ನಿಂತದ್ದು ನೆನಪಾಗಲಿಲ್ಲ. ಇದನ್ನು ನಾನು ಕ್ಷಮಿಸಲಾರೆ ಅಶೋಕ. ಕಾಲೋನಿಯ ಒಬ್ಬ ಮುದುಕ ನೆಟ್ಟಗೆ ನಿಂತದ್ದಕ್ಕೆ ಯಾರೂ ಅಳುವುದಿಲ್ಲ ಎಂದು ನಿನಗೆ ಗೊತ್ತಿತ್ತು, ಅಷ್ಟೇ.

ಹೋದ ಭಾನುವಾರ ವೀಳ್ಯ ಹಂಚಿದರು. ನಮ್ಮಲ್ಲಿ ವೀಳ್ಯ ಕೈಗೆ ಬಿತ್ತೆಂದರೆ ಪಾತ್ರ ಬಿತ್ತು, ಬೇಡ ಎನ್ನುವಂತಿಲ್ಲ, ನಿನಗೆ ಮರೆತಿರಲಾರದು. ಮಧ್ಯಾಹ್ನ ಸಮುದಾಯ ಭವನದಲ್ಲಿ ಎಲ್ಲರೂ ಸೇರಿದ್ದರು, ನಾನೂ ಅವ್ವನೂ ಹೋಗಿದ್ದೆವು. ಮೊದಲ ವೀಳ್ಯ ರಾಜನದು. ಉಳಿದ ಪಾತ್ರಗಳಿಗೆಲ್ಲ ಮೇಷ್ಟ್ರು ಹೆಸರು ಹಿಡಿದು ಕರೆಯುತ್ತಾರೆ, ರಾಜನಿಗೆ ಮಾತ್ರ ಇಷ್ಟು ವರ್ಷ ಹೆಸರು ಹೇಳಿದ್ದೇ ಇಲ್ಲ. ರಾಜನ ಪಾತ್ರ ಎಂದರೆ ಸಾಕು, ಅಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದು ಹೋಗಿ ಹಾರ್ಮೋನಿಯಂಗೆ ನಮಸ್ಕಾರ ಮಾಡಿ ಎರಡೂ ಕೈ ಚಾಚುತ್ತಿದ್ದ. ಈ ಸಲವೂ ಮೇಷ್ಟ್ರು ರಾಜನ ಪಾತ್ರ ಎಂದರು. ಅಪ್ಪ ಎದ್ದ, ನಮಸ್ಕಾರ ಮಾಡಿದ, ಕೈ ಚಾಚಿದ. ಆಗ ಮೇಷ್ಟ್ರು ತಲೆ ಎತ್ತದೆ ದಿಲೀಪ ಎಂದು ಹೆಸರು ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನಲ್ಲ, ಜಿಮ್ಮಿಗೆ ಹೋಗುವ ದಿಲೀಪ, ಅವನೇ. ಅವನು ಹಿಂದಿನಿಂದ ಎದ್ದು ಬರುವವರೆಗೂ ಅಪ್ಪನ ಕೈ ಚಾಚಿದಂತೆಯೇ ಇತ್ತು. ವೀಳ್ಯ ಆ ಕೈಗಳ ಮೇಲಿನಿಂದ ಹಾದು ಅವನ ಕೈಗೆ ಹೋಯಿತು. ಅವ್ವ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಮಾರನೆಯ ದಿನವೂ ಉರಿಯುತ್ತಿತ್ತು.

ಮುಂದಿನದು ಗೂನುಬೆನ್ನಿನ ಮಂತ್ರಿ. "ಗಂಗಯ್ಯ" ಎಂದರು ಮೇಷ್ಟ್ರು. "ಬ್ಯಾಸರ ಮಾಡ್ಕಬ್ಯಾಡ ಕಣಪ್ಪ. ಈ ಪಾತ್ರಕ್ಕೆ ನಿನ್ ಬುಟ್ರೆ ಇನ್ಯಾರವ್ರೆ? ನಿನ್ ಮಗನೇ ಜಿಲ್ಲೆಗೆಲ್ಲ ತೋರ್ಸವ್ನೆ." ಯಾರೋ ಕಿಸಕ್ಕೆಂದರು. ಅಪ್ಪ ಅಲ್ಲೇ ನಿಂತಿದ್ದನಲ್ಲ, ಕೈಯೂ ಚಾಚಿಯೇ ಇತ್ತು, ಮಂತ್ರಿಯ ವೀಳ್ಯ ಅದರಲ್ಲಿ ಬಿತ್ತು. ಆಮೇಲೆ ನಾನು ಮೇಷ್ಟ್ರ ಮನೆಗೆ ಹೋಗಿ ಜಗಳವಾಡಿದೆ. ಅವರು ಬೈಯಲಿಲ್ಲ. ನಿನ್ನ ವಿಡಿಯೊ ನಾಟಕ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದೆಯಂತೆ, ಹುಡುಗರು ಅಪ್ಪನ ಹಿಂದೆ ಬಗ್ಗಿ ನಡೆದು ನಗುವುದು ಅವರಿಗೂ ಗೊತ್ತಂತೆ. "ರಾಜ ಬಂದೇಟ್ಗೆ ಐಕ್ಳು ನಗ್ತವೆ ಕಣವ್ವ. ಒಂದ್ಸಲ ನಗು ಬಿತ್ತು ಅಂದ್ರೆ ಆ ನಾಟ್ಕ ಮತ್ತೆ ಏಳಾಕಿಲ್ಲ" ಎಂದರು. ನಾಟಕದ ಮೇಷ್ಟ್ರಾಗಿ ಅವರು ಹೇಳಿದ್ದು ತಪ್ಪಲ್ಲ, ನಾನು ಎದ್ದು ಬಂದೆ. ಅಪ್ಪ ಬಗ್ಗಿದ್ದಾನೆ ಎಂಬುದು ಮೊದಲು ಇಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ದಿನಾ ನೋಡುವ ಬೆನ್ನನ್ನು ಯಾರು ನೋಡುತ್ತಾರೆ? ನೀನು ಬೆರಳು ಮಾಡಿ ತೋರಿಸಿದೆ, ಈಗ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಅವ್ವ ಮೊನ್ನೆ ಪೆಟ್ಟಿಗೆಯಿಂದ ಸೀರೆ ತೆಗೆದು ಕತ್ತರಿ ಹಿಡಿದು ಕೂತಿದ್ದಳು. ಕೌದಿಗೆ ಹಾಕುತ್ತಾಳಂತೆ, ಗೂನು ಮಂತ್ರಿಗೆ ನಡುಕಟ್ಟು ಯಾಕೆ ಎಂದಳು. ಅವಳ ಕೈಯಿಂದ ಕಿತ್ತುಕೊಂಡು ಹೊಳೆನರಸೀಪುರದ ನನ್ನ ಮನೆಗೆ ಒಯ್ದು ಬೀರುವಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ ಸಾವಧಾನ್ ಎಂದವಳು ವಿಶ್ರಾಮ್ ಹೇಳಲು ಮರೆಯುತ್ತೇನೆ. ನನಗೆ ನಿನ್ನ ಮೇಲೆ ಕೋಪ ಇದೆ, ಅದು ಇಳಿಯುವ ಕೋಪವಲ್ಲ. ಆದರೂ ನೀನು ನನ್ನ ತಮ್ಮ, ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ. ಬಾ. ಜಯಂತಿಗೆ ಮುಂಚೆ ಎರಡು ದಿನ ರಜೆ ಹಾಕಿ ಬಾ. ನಾನು ದಿಲೀಪನ ಅಂಗಡಿಗೆ ಹೋಗಿ ಮಾತಾಡಿದ್ದೇನೆ. ಅವನಿಗೆ ಭುಜ ಇದೆ, ನಿಲುವಿಲ್ಲ. ಎದೆ ಉಬ್ಬಿಸಿ ಉಸಿರು ಹಿಡಿದು ನಿಂತರೆ ಹಾಡಿನ ಎರಡನೇ ಸಾಲಿಗೇ ದನಿ ಉಡುಗುತ್ತದೆ, ಅದು ಅವನಿಗೇ ಗೊತ್ತಾಗಿದೆ. "ಅಶೋಕಣ್ಣ ಬಂದು ಎಲ್ರೆದ್ರುಗೂ ಕೇಳುದ್ರೆ ವೀಳ್ಯ ವಾಪಸ್ ಕೊಟ್ಬುಡ್ತೀನಿ ಅಕ್ಕ" ಎಂದಿದ್ದಾನೆ. ಹುಡುಗ ಒಳ್ಳೆಯವನು. ಆ ವಿಡಿಯೊ ಅಳಿಸು. ಬಂದು ಮೇಷ್ಟ್ರ ಮುಂದೆ, ಕಾಲೋನಿಯವರ ಮುಂದೆ ಆ ಸೀರೆಯ ತುದಿ ಹಿಡಿದು ನಿಂತುಕೋ. ಅವ್ವನ ಕೈಗೆ ಈಗ ಬಿಗಿಯುವ ಶಕ್ತಿ ಇಲ್ಲ, ನಾನು ಇದ್ದೇನೆ. ಅಪ್ಪ ಇನ್ನೊಂದು ಸಲ ರಾಜನಾಗಿ ನಿಂತು ಬಿಡಲಿ, ಆಮೇಲೆ ತಾನೇ ಬೇಡ ಎಂದು ಬಿಟ್ಟರೆ ಅದು ಬೇರೆ ಮಾತು.

ಅವ್ವ ನಿನ್ನ ತಲೆ ಸವರಿದ್ದೇನೆ ಎಂದು ಬರೆ ಎಂದಳು. ಅಪ್ಪ, ಚೆನ್ನಾಗಿರಲಿ ಎಂದು ಬರೆ ಎಂದ. ಮೊಣಕಾಲು ನೋಡಿಕೋ.

ಇಂತಿ ನಿನ್ನ ಅಕ್ಕ,
ಸಂಘಮಿತ್ರಾ

ಮರೆತ ಮಾತು: ಕಾಗದ ಮಡಿಸಿ ಲಕೋಟೆಗೆ ಹಾಕಿ, ಹೊಳೆನರಸೀಪುರಕ್ಕೆ ಹೊರಡುವ ಮುಂಚೆ ಅಪ್ಪನಿಗೆ ಹೇಳಿ ಬರೋಣ ಎಂದು ಹಿತ್ತಿಲಿಗೆ ಹೋದೆ. ಬಸ್ಸಿಗೆ ಹೊತ್ತಾಗಿದೆ, ಆದರೂ ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಫೋನು ಒರಗಿಸಿ ನಿನ್ನ ವಿಡಿಯೊ ಹಾಕಿಕೊಂಡಿದ್ದ. ನೀನು ನಡೆದ ಹಾಗೆ ಗೋಡೆಯಿಂದ ಸೀಬೆ ಗಿಡದವರೆಗೆ ನಡೆಯುತ್ತಿದ್ದ, ಮತ್ತೆ ಬಂದು ನೋಡುತ್ತಿದ್ದ, ಮತ್ತೆ ನಡೆಯುತ್ತಿದ್ದ. ಮಂತ್ರಿಯ ಪಾತ್ರಕ್ಕೆ ಅಭ್ಯಾಸವಂತೆ. ನನ್ನನ್ನು ಕಂಡು, "ಅಶೋಕ ಇನ್ನೂ ವಸಿ ಬಗ್ತಾನೆ ಕಣವ್ವ, ನಂಗೆ ಅಷ್ಟು ಬಗ್ಗಾಕೆ ಬರ್ತಾ ಇಲ್ಲ" ಎಂದ. ನೀನು ಅಷ್ಟು ಬಗ್ಗಲ್ಲ ಅಪ್ಪ, ಅವನು ಮಾಡಿದ್ದು ಜಾಸ್ತಿಯಾಗಿದೆ ಎಂದೆ. ನಂಬಲಿಲ್ಲ. "ಅವ್ನು ಓದಿರೋನು, ಸರಿಯಾಗೇ ನೋಡಿರ್ತಾನೆ" ಎಂದು ಇನ್ನೂ ಸ್ವಲ್ಪ ಬಗ್ಗಿ, ಎಡಗೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಅಪ್ಪ ಯಾವತ್ತೂ ಕೈ ಹಿಂದೆ ಕಟ್ಟಿ ನಡೆದವನಲ್ಲ, ಅದು ನೀನು ಸೇರಿಸಿದ್ದು. ಮೇಲೆ ಬಾ ಎಂದು ಬರೆದದ್ದನ್ನು ಹೊಡೆದು ಹಾಕು. ಬರಬೇಡ. ಬಂದರೆ ನಿನ್ನ ಮುಂದೆ ಹಾಗೆ ನಡೆದು ತೋರಿಸಿ, ಸರಿಯಾಗಿದೆಯಾ ಎಂದು ನಿನ್ನನ್ನೇ ಕೇಳುತ್ತಾನೆ.